ಅಮ್ಮ ಉತ್ತರ ಕೊಟ್ಟ ಬೆಳಕು

ನಿನ್ನೆ ಸಂಜೆ ಆಕಾಶದಲ್ಲಿ ಸಾಲಾಗಿ ಹೋದ ಬೆಳಕುಗಳನ್ನು ನೋಡಿ ಮೇಳಿಗೆಯ ನಮ್ಮ ಹಳೇ ಅಂಗಳ ನೆನಪಾಯಿತು. ರಾತ್ರಿ ಕಾಡುಹಂದಿಯಿಂದ ಪೈರು ಕಾಯಲು ಹೋದ ಅಪ್ಪ, ಗುಡ್ಡದ ಬುಡದ ಗದ್ದೆಯಲ್ಲಿದ್ದ ಮಾಳ, ಅಂದರೆ ಕಾವಲಿನ ಅಟ್ಟಣೆ, ತಲುಪಿದ ಕೂಡಲೇ ಟಾರ್ಚನ್ನು ಮೂರು ಸಲ ಮಿನುಗಿಸುತ್ತಿದ್ದ. ಅಮ್ಮ ಅಂಗಳದಿಂದ ಲಾಟೀನನ್ನು ಮೂರು ಸಲ ಎತ್ತಿ ತೋರಿಸುತ್ತಿದ್ದಳು. ಆಮೇಲೆಯೇ ನಮ್ಮ ಊಟ.

ಒಂದು ದಿನ ಬೆಳಕು ಗುಡ್ಡಕ್ಕಿಂತ ಮೇಲೆ, ಆಕಾಶದಲ್ಲೇ ಮೂರು ಸಲ ಮಿನುಗಿತು.

"ಅಪ್ಪ ಅಷ್ಟು ಮೇಲೆ ಎಂತಕ್ಕೆ ಹೋದ?" ಎಂದೆ.

"ಸುಮ್ನಿರೆ, ಮರ ಹತ್ತಿರ್ಬೇಕು" ಎಂದು ಅಮ್ಮ ಲಾಟೀನು ಎತ್ತಿದಳು. ಬೆಳಕು ನಮ್ಮ ಕಡೆಗೆ ಇಳಿಯತೊಡಗಿತು.

ಬೆನ್ನ ಹಿಂದೆ ಅಪ್ಪನ ದನಿ ಕೇಳಿತು. "ಯಾರಿಗೆ ತೋರಿಸ್ತಿದೀಯೆ? ಸೆಲ್ಲು ಖಾಲಿ ಆಗಿತ್ತು, ಅರ್ಧ ದಾರಿಯಿಂದ ವಾಪಸ್ ಬಂದೆ."

ಅಮ್ಮ ಲಾಟೀನು ಆರಿಸಿದಳು. ಇಳಿಯುತ್ತಿದ್ದ ಬೆಳಕೂ ಆರಿತು.

ನಿನ್ನೆಯವು ಉಪಗ್ರಹಗಳೆಂದು ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. "ಇರ್ಲಿ" ಎಂದು ಎದ್ದುಹೋಗಿ ಜಗಲಿಯ ಬಲ್ಬು ಆರಿಸಿದಳು.