ಹತ್ತು ಲಕ್ಷದ ಮೂರು

ಧಡ್, ಧಡ್. ಬೆಳಕು ಹರಿಯುತ್ತಿದ್ದಂತೆ ಓಣಿಯ ಕೊನೆಯ ತಗಡು ಕತ್ತರಿಸುವ ಯಂತ್ರ ಶುರುವಿಟ್ಟುಕೊಳ್ಳುತ್ತದೆ. ಅದರ ಪಕ್ಕದ ಶೆಡ್ಡಿನಲ್ಲಿ ಅವನು ಚಕ್ರಗಳಿಗೆ ಹಲ್ಲು ಕೊರೆಯುತ್ತಾನೆ. ಮೇಲಿನ ಒಂದೇ ಕೋಣೆಯಲ್ಲಿ ಅವನೂ ಮಗಳೂ. ಬೀದಿಯವರು ಅವನನ್ನು ಹಲ್ಲಿನ ಡಾಕ್ಟರು ಎನ್ನುತ್ತಾರೆ. "ನನ್ನ ಹತ್ರ ಬಂದವರು ಯಾರೂ ಅತ್ತಿಲ್ಲ" ಎಂದು ಅವನೂ ನಗುತ್ತಾನೆ.

ಶೆಡ್ಡು ತೀರಿಕೊಂಡ ಹೆಂಡತಿಯ ತಮ್ಮನದು. ಕೆಲಸವೇ ಬಾರದಾದಾಗ ಮೈದುನ, ಹಲ್ಲು ಕೊರೆಯುವ ಯಂತ್ರವನ್ನು ಗುಜರಿಗೆ ಹಾಕಿ ಜಾಗ ಬಿಡಿ ಎಂದ. ಆಗಲೇ ವಸ್ತುಸಂಗ್ರಹಾಲಯದವರು ಬಂದರು. ಗ್ರಹಗಳು ಸುತ್ತುವ ಒಂದು ಹಳೆಯ ಗಡಿಯಾರಕ್ಕೆ ಹೊಸ ಚಕ್ರಗಳು ಬೇಕಿದ್ದವು. ಮೊದಲ ಚಕ್ರ ಹತ್ತು ಲಕ್ಷದ ಮೂರು ಸುತ್ತು ತಿರುಗಿದಾಗ ಕಟ್ಟಕಡೆಯ ಗ್ರಹ ಸರಿಯಾಗಿ ಒಂದು ಸುತ್ತು ಬರಬೇಕು. ಒಂದಕ್ಕೊಂದು ಕಚ್ಚಿಕೊಳ್ಳುವ ಸಾದಾ ಚಕ್ರಗಳಿಗಷ್ಟೇ ಅದರಲ್ಲಿ ಜಾಗ. "ಇದೊಂದು ಮುಗಿಯೋವರೆಗೆ ತಡಿ" ಎಂದು ಮೈದುನನನ್ನು ಒಪ್ಪಿಸಿದ.

ನೂರಿಪ್ಪತ್ತು ಸುತ್ತಿಗೆ ಒಂದು ಬೇಕೆಂದರೆ ಈ ಕಸುಬಿನವರು ಹತ್ತಕ್ಕೊಂದು, ಹನ್ನೆರಡಕ್ಕೊಂದು ಎಂದು ಎರಡು ಜೋಡಿ ಚಕ್ರ ಮಾಡುತ್ತಾರೆ. ಮೊದಲು ಸಂಖ್ಯೆಯನ್ನು ಒಡೆಯಬೇಕು, ಆಮೇಲೆ ಮಾತು ಕೊಡಬೇಕು. ಇಷ್ಟು ದೊಡ್ಡದು ಎಲ್ಲೋ ಒಂದು ಕಡೆ ಒಡೆದೇ ಒಡೆಯುತ್ತದೆ ಎಂದುಕೊಂಡು ಅವನು ಮೊದಲೇ ಮಾತು ಕೊಟ್ಟುಬಿಟ್ಟ.

ಯಂತ್ರದ ಮೈಯೆಲ್ಲ ಸೀಮೆಸುಣ್ಣದ ಲೆಕ್ಕವಾಯಿತು. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಹನ್ನೊಂದರಿಂದಲೂ ನಾಲ್ಕು. ಹದಿಮೂರು, ಮೂವತ್ತೇಳು, ಮತ್ತೆ ನಾಲ್ಕೇ, ಬೇಕೆಂದೇ ಅಣಕಿಸುವ ಹಾಗೆ.

"ಭಾವ, ಬಾಲದ ಮೂರನ್ನ ಕತ್ತರಿಸಿ ಬಿಸಾಕಿ" ಎಂದ ಮೈದುನ. "ಬರೀ ಹತ್ತು ಲಕ್ಷ ಆದ್ರೆ ಹತ್ತಕ್ಕೊಂದರ ಹಾಗೆ ಆರು ಜೋಡಿ, ಮುಗೀತು."

"ಕೇಳಿ ಬಂದೆ ಕಣೋ. ಅವರು ಒಪ್ಪಲ್ಲ."

"ಹಾಗಾದ್ರೆ ಅಷ್ಟೂ ಹಲ್ಲು ಒಂದೇ ಚಕ್ರಕ್ಕೆ ಕೊರೀರಿ!"

"ಓಣಿ ಸಾಲಲ್ಲ."

ಮೈದುನ ನಕ್ಕ, ಆಮೇಲೆ ನೆಲ ನೋಡಿದ. "ನಾಳೆ ಗುಜರಿಯವನಿಗೆ ಬರೋಕೆ ಹೇಳಿದೀನಿ, ಭಾವ."

ಬೆಳಗ್ಗೆ ಮಗಳು ಚಹಾ ತಂದಾಗ ಅವನು, ತಾವೇ ಒಡೆಯದ ಸಂಖ್ಯೆಗಳಿಂದಷ್ಟೇ ಭಾಗಿಸುತ್ತ, ಒಂಬೈನೂರ ತೊಂಬತ್ತೇಳಕ್ಕೆ ಬಂದಿದ್ದ. ಹನ್ನೆರಡು ಉಳಿಯಿತು. ತೋಳಿನಿಂದ ಒರೆಸಿ ಸಾವಿರದ ಒಂಬತ್ತು ಎಂದು ಬರೆದ.

"ಸಾವಿರ ದಾಟಿದ ಮೇಲೆ ನೋಡೋದು ಬೇಡ ಅಪ್ಪ."

"ಯಾಕೆ?"

"ಸಾವಿರಕ್ಕಿಂತ ದೊಡ್ಡವು ಎರಡನ್ನ ಗುಣಿಸಿದ್ರೆ ಈ ಸಂಖ್ಯೆಯನ್ನೇ ದಾಟಿಹೋಗುತ್ತೆ. ಒಡೆಯೋದಾಗಿದ್ರೆ ಒಂದು ತುಂಡಾದ್ರೂ ಚಿಕ್ಕದಿರಬೇಕಿತ್ತು. ಚಿಕ್ಕವೆಲ್ಲ ಮುಗಿದ್ವಲ್ಲ."

"ಗೊತ್ತು ಪುಟ್ಟಿ" ಎಂದ. ಸೀಮೆಸುಣ್ಣ ಕೆಳಗಿಡಲಿಲ್ಲ.

ಗಾಡಿ ಬಂತು. ಗುಜರಿಯವನು ಬೋಲ್ಟಿನ ಜೊತೆ ಗುದ್ದಾಡುತ್ತಿದ್ದಾಗ, "ಅದು ಉಲ್ಟಾ ತಿರುಗುತ್ತಪ್ಪ" ಎಂದು ತಾನೇ ಬಿಚ್ಚಿಕೊಟ್ಟ. ನಾಲ್ಕು ಜನ ಯಂತ್ರವನ್ನು ಗಾಡಿಗೆ ಏರಿಸಿದರು. ಅದರ ಬೆನ್ನ ಮೇಲೆ ಸಾವಿರದ ಒಂಬತ್ತರ ಭಾಗಾಕಾರ ಅರ್ಧಕ್ಕೇ ನಿಂತಿತ್ತು. ಗಾಡಿ ಕದಲಿತು.

"ಅಪ್ಪ, ಚಹಾ ಆರ್ತಾ ಇದೆ."

"ಬಂದೆ" ಎಂದ, ಗಾಡಿಯ ಹಿಂದೆ ನಡೆಯುತ್ತಲೇ. ಸೀಮೆಸುಣ್ಣದ ಕೈ ಮುಂದಕ್ಕೆ ಚಾಚಿತ್ತು. "ಸ್ವಲ್ಪ ನಿಧಾನ ಹೊಡಿಯಪ್ಪ, ಇನ್ನೊಂದು ಅಂಕಿ ಕೆಳಗಿಳಿಸಿದ್ರೆ, ಅಷ್ಟರಲ್ಲಿ ಏನಾದ್ರೂ