ಇಳಿ ಟೀಚರ್ ಬಿಟ್ಟ ಇಳಿ

ಶನಿವಾರ ಬೆಳಿಗ್ಗೆ ಗಡಿಯಾರದಣ್ಣನ ಮನೆಯ ಬಾಗಿಲು ತಟ್ಟಿದವರು ಮೂರು ಜನ. ಒಬ್ಬರ ಕೈಯಲ್ಲಿ ಬಿಳಿ ಹೂವು, ಇನ್ನೊಬ್ಬರ ಕೈಯಲ್ಲಿ ಕರವಸ್ತ್ರ, ಮೂರನೆಯವರ ಮುಖದಲ್ಲಿ ಊರಿನ ದುಃಖವೆಲ್ಲ. ಬಾಗಿಲು ತೆರೆಯಲು ಸ್ವಲ್ಪ ತಡವಾಯಿತು. ತೆರೆದವರು ಗಡಿಯಾರದಣ್ಣನೇ. ಊರುಗೋಲು ಹಿಡಿದು, ಅರ್ಧ ಗಲ್ಲಕ್ಕೆ ಸೋಪು ಬಳಿದುಕೊಂಡು ನಿಂತಿದ್ದರು.

"ಇದೇನು, ಬೆಳಬೆಳಗ್ಗೆ ಹೂವು ಹಿಡ್ಕೊಂಡು ಬಂದಿದೀರಿ? ಯಾರು ಹೋದ್ರು?"

ಯಾರು ಹೋದರೆಂದು ಹೋದವರೇ ಕೇಳಿದರೆ ಏನಂತ ಉತ್ತರ ಕೊಡುವುದು? ಕೊನೆಗೆ ಹೂವು ತಂದವರು ಜೇಬಿನಿಂದ ಸೇವಾ ಸಂಘದ ವಾರದ ಹಾಳೆ ತೆಗೆದು ಮುಂದೆ ಹಿಡಿದರು. ಮೇಲ್ಗಡೆಯೇ ದಪ್ಪಕ್ಷರದಲ್ಲಿತ್ತು: 'ಶಸ್ತ್ರಚಿಕಿತ್ಸೆಯ ನಂತರ ಗಡಿಯಾರದಣ್ಣ ನಿಧನ.' ಅದರ ಕೆಳಗೆ ಸಣ್ಣಕ್ಷರದಲ್ಲಿ, 'ಸದಸ್ಯರು ಬಿಡುವು ಮಾಡಿಕೊಂಡು ಮನೆಗೆ ಹೋಗಿ ನೋಡಿ ಬರಬೇಕಾಗಿ ವಿನಂತಿ.'

ಅಲ್ಲಿ ಇರಬೇಕಾಗಿದ್ದ ಮಾತು 'ನಿಧಾನ'. ಊರಿನವರ ಗಡಿಯಾರಗಳನ್ನೆಲ್ಲ ಸರಿಯಾಗಿ ಓಡಿಸುವ ಮನುಷ್ಯ ಮೊಣಕಾಲಿನ ಆಪರೇಷನ್ ಆಗಿ ಈಗ ತಾನೇ ನಿಧಾನವಾಗಿದ್ದಾರೆ ಎಂದು ಬರೆದವರು ಒಂದು ತಮಾಷೆ ಮಾಡಲು ಹೋಗಿದ್ದರು. ಧಕಾರಕ್ಕೆ ಒಂದು ಇಳಿ ತಪ್ಪಿತು, ತಮಾಷೆ ನೇರವಾಗಿ ಮಸಣಕ್ಕೆ ಹೋಯಿತು.

ಬರೆದವರು ಬೇರೆ ಯಾರಾದರೂ ಆಗಿದ್ದರೆ ಜನ ನಕ್ಕು ಬಿಡುತ್ತಿದ್ದರೇನೋ. ಬರೆದವರು ಇಳಿ ಟೀಚರ್.

ಬೇಕರಿಯ ಮೇಲಿನ ಮಹಡಿಯಲ್ಲಿ ಮೂವತ್ತನಾಲ್ಕು ವರ್ಷ ಟೈಪಿಂಗ್ ಕಲಿಸಿದ ಹೆಂಗಸು ಅವರು. ಕ ಇಳಿ ಕಾ ಎಂದು ಒಂದನೇ ತರಗತಿಯಲ್ಲಿ ಎಲ್ಲರೂ ಕಲಿಯುತ್ತಾರೆ, ದೊಡ್ಡವರಾದ ಮೇಲೆ ಮರೆಯುತ್ತಾರೆ. ಇವರು ಮಾತ್ರ ಮರೆಯಲೂ ಇಲ್ಲ, ಮರೆಯಲು ಬಿಡಲೂ ಇಲ್ಲ. ಯಾರ ಹಾಳೆ ಕೈಗೆ ಬಂದರೂ ಮೊದಲ ಪ್ರಶ್ನೆ ಒಂದೇ: "ಇಳಿ ಎಲ್ಲಿ? ಮನೇಲಿ ಬಿಟ್ಟು ಬಂದ್ರಾ?" ಹಾಗಾಗಿ ಇಳಿ ಟೀಚರ್ ಆದರು. ತುಂಟರು ಇಲಿ ಟೀಚರ್ ಎಂದರು. ಎರಡೂ ಅವರ ಕಿವಿಗೆ ಬಿದ್ದಿತ್ತು. ಹೆಸರಿಟ್ಟದ್ದಕ್ಕೆ ಸಿಟ್ಟಾಗಲಿಲ್ಲ, ಳಕಾರ ಲಕಾರವಾದದ್ದಕ್ಕೆ ಆದರು.

ಸೇವಾ ಸಂಘದ ವಾರದ ಹಾಳೆಯನ್ನು ಅವರು ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದರು. ಉದ್ಯಾನದ ಬೆಂಚಿಗೆ ಬಣ್ಣ ಬಳಿದದ್ದು, ರಕ್ತದಾನಕ್ಕೆ ಬಂದವರ ಪಟ್ಟಿ, ಸಂಘದ ಗಾಲಿಕುರ್ಚಿ ಈಗ ಯಾರ ಮನೆಯಲ್ಲಿದೆ, ಯಾರಿಗೆ ಮೊಮ್ಮಗಳು ಹುಟ್ಟಿದಳು, ಸಭೆಯಲ್ಲಿ ಯಾರ ಛತ್ರಿ ಉಳಿದುಹೋಯಿತು. ದೊಡ್ಡ ಪೇಪರಿಗೆ ಇವು ಯಾವುದೂ ಸುದ್ದಿಯಲ್ಲ. ಎಂಬತ್ತು ಮನೆಗಳಿಗೆ ಇವೇ ಸುದ್ದಿ. ಗುರುವಾರ ಸಂಜೆ ಮನೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಒಂದು ಪ್ರತಿ ತೆಗೆಯುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಯಜಮಾನರು ವಾಕಿಂಗ್ ಹೊರಟಾಗ ಅದನ್ನು ಗಡಿಯಾರದಂಗಡಿಯಲ್ಲಿ ಕೊಡುತ್ತಿದ್ದರು. ಪಕ್ಕದ ಜೆರಾಕ್ಸ್ ಅಂಗಡಿ ಬಾಗಿಲು ತೆಗೆಯುವುದು ಹತ್ತಕ್ಕೆ. ತೆಗೆದ ಮೇಲೆ ಗಡಿಯಾರದಣ್ಣ ಎಂಬತ್ತು ಪ್ರತಿ ಮಾಡಿಸಿ ತಮ್ಮ ಕೌಂಟರಿನ ಮೇಲಿಡುತ್ತಿದ್ದರು, ಸದಸ್ಯರು ಬಂದು ಒಯ್ಯುತ್ತಿದ್ದರು. ಮೂಲ ಪ್ರತಿ ವಾಪಸ್ ಟೀಚರ ಮನೆಗೆ ಬಂದು ಫೈಲು ಸೇರುತ್ತಿತ್ತು. ಈ ವಾರ ಗಡಿಯಾರದಂಗಡಿ ಮುಚ್ಚಿತ್ತು. ಯಜಮಾನರು ಹತ್ತರವರೆಗೆ ಕಾದು ಹಾಳೆಯನ್ನು ಸೀದಾ ಜೆರಾಕ್ಸಿಗೇ ಕೊಟ್ಟಿದ್ದರು, ಸದಸ್ಯರು ಪ್ರತಿಗಳನ್ನು ಅಲ್ಲಿಂದಲೇ ಒಯ್ದಿದ್ದರು.

ಅಧ್ಯಕ್ಷರ ಫೋನು ಬಂದಾಗ ಟೀಚರ್ ಬಟ್ಟೆ ಒಣಗಹಾಕುತ್ತಿದ್ದರು. ಅಧ್ಯಕ್ಷರು ಔಷಧದಂಗಡಿಯವರು, ಕಹಿ ಮಾತ್ರೆಯನ್ನೂ ಸಿಹಿಯಾಗಿ ಮಾರುವ ಮನುಷ್ಯ. ಅವತ್ತು ಮಾತ್ರ ದನಿ ಏರಿತ್ತು.

"ಟೀಚರೇ, ಬದುಕಿರೋರನ್ನ ಸಾಯಿಸಿಬಿಟ್ರಲ್ಲ! ಸಂಘದ ಮಾನ ಏನಾಗಬೇಕು?"

ಟೀಚರ್ ಹಾಳೆ ತೆಗೆದು ನೋಡಿದರು. ಕಣ್ಣ ಹತ್ತಿರ ತಂದರು, ದೂರ ಹಿಡಿದರು, ಕಿಟಕಿಗೆ ಹೋದರು. ಅವರ ಕಣ್ಣಿಗೆ ಅಲ್ಲಿ ನಿಧಾನವೂ ಇರಲಿಲ್ಲ, ನಿಧನವೂ ಇರಲಿಲ್ಲ. ಬೂದಿ ಬಣ್ಣದ ಒಂದು ಗೀಟು ಇತ್ತು, ಅಷ್ಟೆ. ಅವರು ಅಲ್ಲೇ ಕುರ್ಚಿಯ ಮೇಲೆ ಕೂತರು.

ಇದು ಇವತ್ತಿನ ಕಥೆಯಾಗಿರಲಿಲ್ಲ. ವರ್ಷದ ಮೇಲಾಗಿತ್ತು, ಜಗತ್ತಿಗೆ ಯಾರೋ ಹಾಲು ಬೆರೆಸಿದ ಹಾಗೆ ಕಾಣತೊಡಗಿ. ಹಳೆಯ ಟೈಪ್‌ರೈಟರ್ ಆಗಿದ್ದರೆ ಬೆರಳಿಗೇ ಕಣ್ಣಿತ್ತು. ಕಂಪ್ಯೂಟರಿನ ಕೀಲಿಗಳು ಬೇರೆ, ಬೆರಳು ಜಾರಿದರೆ ಪರದೆ ನೋಡಿಯೇ ತಿಳಿಯಬೇಕು. ಟೀಚರ್ ಯಾರಿಗೂ ಹೇಳಲಿಲ್ಲ, ಯಜಮಾನರಿಗೂ. ಕಾರಣ ಅವರ ಅಮ್ಮ. ಅಮ್ಮನಿಗೂ ಹೀಗೇ ಶುರುವಾಗಿತ್ತು. 'ಕಣ್ಣಿನ ನರವೇ ಸೋತಿದೆ, ಮಾಡೋಕೆ ಏನೂ ಇಲ್ಲ' ಎಂದು ಡಾಕ್ಟರು ಹೇಳಿದ ಮೇಲೆ ಅಮ್ಮ ಹನ್ನೊಂದು ವರ್ಷ ಕಿಟಕಿಯ ಪಕ್ಕ ಕೂತು, ಚಪ್ಪಲಿಯ ಸದ್ದಿನಿಂದ ಮಕ್ಕಳನ್ನು ಗುರುತಿಸುತ್ತಿದ್ದರು. ಆ ಕಿಟಕಿಯ ಪಕ್ಕದ ಕುರ್ಚಿ ತನಗಾಗಿ ಕಾದಿದೆ ಎಂದು ಟೀಚರಿಗೆ ಖಾತ್ರಿಯಾಗಿತ್ತು. ಡಾಕ್ಟರ ಬಾಯಿಂದ ಆ ಮಾತು ಕೇಳದಿದ್ದಷ್ಟು ದಿನ ತಾನು ಬಚಾವ್ ಎಂದುಕೊಂಡಿದ್ದರು. ವರ್ಷವರ್ಷವೂ ಸಂಘದ ಕಣ್ಣಿನ ಶಿಬಿರದ ಪ್ರಕಟಣೆಯಲ್ಲಿ 'ನಲವತ್ತು ದಾಟಿದವರು ತಪ್ಪದೆ ಬನ್ನಿ' ಎಂದು ಟೈಪ್ ಮಾಡುತ್ತಿದ್ದವರು ಅವರೇ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಟೀಚರ್ ಎದ್ದು, ಕಂಪ್ಯೂಟರ್ ಹಾಕಿ, ಒಂದು ಪತ್ರ ಟೈಪ್ ಮಾಡಿದರು. ಹತ್ತೊಂಬತ್ತು ವರ್ಷದ ಕೆಲಸ ಮೂರು ಸಾಲಿನಲ್ಲಿ ಮುಗಿಯಿತು.

"ನಡೀರಿ," ಎಂದರು ಯಜಮಾನರಿಗೆ. "ಅಣ್ಣನ ಕಾಲು ಹಿಡೀಬೇಕು."

"ಕಾಲು ಹಿಡಿಬೇಡ ಮಾರಾಯ್ತಿ, ಮೊನ್ನೆ ತಾನೇ ಆಪರೇಷನ್ ಆಗಿದೆ," ಎಂದರು ಯಜಮಾನರು. ಅವರು ಮೂವತ್ತು ವರ್ಷ ಬಸ್ಸು ಓಡಿಸಿದವರು. ಅವರ ಬಸ್ಸಿನ ಗಾಜಿನ ಮೇಲೆ 'ನಿಧಾನವೇ ಪ್ರಧಾನ' ಎಂದು ಬರೆದಿರುತ್ತಿತ್ತು. ಆ ಮಾತನ್ನು ಆ ಹೊತ್ತಿನಲ್ಲಿ ನೆನಪಿಸದಿರುವಷ್ಟು ಬುದ್ಧಿ ಅವರಿಗಿತ್ತು.

ಗಡಿಯಾರದಣ್ಣನ ಹಜಾರದಲ್ಲಿ ಜನವೋ ಜನ. ಸಾವಿಗೆ ಬಂದವರು ಕಾಫಿ ಕುಡಿಯುತ್ತಿದ್ದರು. ಹೂವು ಒಂದು ಬಕೆಟಿನಲ್ಲಿತ್ತು. ಅಧ್ಯಕ್ಷರು ಮೂಲೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಟೀಚರ್ ಒಳಗೆ ಕಾಲಿಟ್ಟದ್ದೇ ಸೀದಾ ಅಣ್ಣನ ಮುಂದೆ ಹೋಗಿ ನಿಂತರು.

"ಅಣ್ಣಾ, ನನ್ನ ಕ್ಷಮಿಸಿಬಿಡಿ. ಇನ್ಮೇಲೆ ಹಾಳೆ ನನ್ನ ಕೈಲಾಗಲ್ಲ," ಎಂದು ಪತ್ರ ಚಾಚಿದರು. ಆ ಹಾಳೆ ಬಿಟ್ಟರೆ ಗುರುವಾರ ಸಂಜೆಗಳಿಗೆ ತಾನು ಯಾರೂ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಗಡಿಯಾರದಣ್ಣ ಪತ್ರ ತೆಗೆದುಕೊಂಡು, ಅಭ್ಯಾಸದಂತೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಓದಿದರು. ಮತ್ತೆ ತಲೆಬರಹಕ್ಕೆ ಹೋದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

"ಅಧ್ಯಕ್ಷರೇ, ಇದನ್ನ ಅಂಗೀಕಾರ ಮಾಡೋಕಾಗಲ್ಲ. ಇದು ರಾಜೀನಾಮೆನೇ ಅಲ್ಲ. ಜೀ ಅನ್ನೋ ಕಡೆ ದೀರ್ಘ ಇಲ್ಲ, ರಾಜಿನಾಮೆ ಅಂತಿದೆ. ಟೀಚರು ರಾಜಿಗೆ ಬಂದಿದಾರೆ."

ಹಜಾರಕ್ಕೆ ಹಜಾರವೇ ನಕ್ಕಿತು. ಅಧ್ಯಕ್ಷರ ಗಂಟೂ ಬಿಚ್ಚಿತು. ನಗದವರು ಟೀಚರ್ ಒಬ್ಬರೇ. ಅವರ ಕಣ್ಣು ತುಂಬಿತ್ತು.

ಗಡಿಯಾರದಣ್ಣ ಅವರನ್ನು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿದರು. "ರಾಜಿಗೆ ನಾನು ತಯಾರು. ನಂದು ಒಂದೇ ಷರತ್ತು. ನಾಳೆ ಭಾನುವಾರ, ಕಣ್ಣಿನ ಶಿಬಿರ ಇದೆ, ನೀವೇ ಹಾಳೆಯಲ್ಲಿ ಹಾಕಿದೀರಿ. ಸತ್ತೋನ ಮಾತು ನಡೆಸಿಕೊಡಬೇಕು."

ಸತ್ತವರ ಮಾತು ಮೀರುವುದು ಹೇಗೆ? ಮರುದಿನ ಟೀಚರ್ ತಮ್ಮದೇ ಪ್ರಕಟಣೆಯ ಸಾಲಿನಲ್ಲಿ ನಲವತ್ತೊಂದನೆಯವರಾಗಿ ನಿಂತರು. ಶಾಲೆಯ ಕೊಠಡಿ, ಕರಿಹಲಗೆಯ ಮೇಲೆ ಅಕ್ಷರಗಳ ಪಟ. ಮೇಲಿನ ಎರಡು ಸಾಲು ಓದಿದರು. ಮೂರನೆಯದರಲ್ಲಿ, ಜೀವನದಲ್ಲಿ ಮೊದಲ ಸಲ, ಅಕ್ಷರದ ಮುಂದೆ ಸೋತರು. ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ಸ್ವಲ್ಪ ಹೊತ್ತು ಕೂರಿಸಿ, ಕತ್ತಲೆ ಕೋಣೆಯಲ್ಲಿ ದೀಪ ಬಿಟ್ಟು ನೋಡಿದರು. ನೋಡಿದರು, ನೋಡಿದರು. ಆ ಮೌನದಲ್ಲಿ ಟೀಚರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಚಪ್ಪಲಿ ಸದ್ದುಗಳನ್ನೂ ಎಣಿಸಿ ಮುಗಿಸಿದರು.

"ನರ ಸೋತಿದೆಯಾ ಡಾಕ್ಟ್ರೇ? ಹೇಳಿಬಿಡಿ, ತಡ್ಕೋತೀನಿ."

"ನರಕ್ಕೇನಾಗಿದೆ? ಗಟ್ಟಿಯಾಗಿದೆ. ಇದು ಬರೀ ಪೊರೆ ಅಮ್ಮಾ, ಎರಡೂ ಕಣ್ಣಲ್ಲಿ ಚೆನ್ನಾಗಿ ಹಣ್ಣಾಗಿದೆ. ತೆಗೆದುಬಿಟ್ರೆ ಆಯ್ತು. ಇಷ್ಟು ದಿನ ಏನು ಮಾಡ್ತಿದ್ರಿ?"

ಟೀಚರಿಗೆ ಹೋದ ಜೀವ ಬಂದಂತಾಯಿತು. ಹೊರಗೆ ಬಂದು ಯಜಮಾನರ ತೋಳು ಹಿಡಿದು, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರೂ, ಗಳಗಳನೆ ಅತ್ತುಬಿಟ್ಟರು. ಯಜಮಾನರು ಹೆದರಿ ಬಿಳುಚಿದರು. "ಏನಂತೆ?" "ಬರೀ ಪೊರೆಯಂತೆ ಕಣ್ರೀ, ಬರೀ ಪೊರೆ!" ಕಣ್ಣಿನಲ್ಲಿ ಪೊರೆ ಬಂದದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಆ ಶಿಬಿರ ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಮ್ಮನ ಹನ್ನೊಂದು ವರ್ಷದ ಕುರ್ಚಿಯನ್ನು ಎದೆಯ ಮೇಲೆ ಹೊತ್ತಿದ್ದೆ ಎಂದು ಅವರಿಗೆ ಅವತ್ತು ಇಳಿಸಿದ ಮೇಲೆಯೇ ಗೊತ್ತಾಯಿತು.

ಎರಡು ವಾರಕ್ಕೆ ಎಡಗಣ್ಣಿನ ಆಪರೇಷನ್ ಆಯಿತು. ಆ ವಾರಗಳಲ್ಲಿ ಹಾಳೆಯನ್ನು ಅಧ್ಯಕ್ಷರೇ ಬರೆದರು. ಅದರ ವಿಷಯ ಹೆಚ್ಚು ಹೇಳದಿರುವುದೇ ಮರ್ಯಾದೆ. ಪಟ್ಟಿ ಬಿಚ್ಚಿದ ದಿನ ಟೀಚರ್ ಮನೆಯಲ್ಲಿ ಸುತ್ತಾಡಿದರು. ಗೋಡೆಯ ಬಿರುಕು ಕಂಡಿತು, ಪಾತ್ರೆಯ ಕಲೆ ಕಂಡಿತು. "ಇದನ್ನ ಹೀಗೇ ಉಜ್ಜಿ ಇಡ್ತಿದ್ರಾ?" ಎಂದು ಯಜಮಾನರಿಗೆ ಬಿತ್ತು. ಹೆಂಡತಿಗೆ ಕಣ್ಣು ಬಂತು, ತನಗೆ ಕಷ್ಟ ಬಂತು ಎಂದು ಅವರು ನಗುತ್ತಾ ಸೋಫಾದಲ್ಲಿ ಕೂತರು. ಟೀಚರ್ ಆಮೇಲೆ ಫೈಲು ತೆಗೆದರು, ಓದುವ ಸುಖಕ್ಕೆ.

ಕೈಗೆ ಸಿಕ್ಕಿದ ಮೊದಲ ಹಾಳೆಯಲ್ಲಿ 'ಸಾಯಂಕಾಲ' ಎಂಬ ಪದದ ಹತ್ತಿರ ಅವರ ಕಣ್ಣು ನಿಂತಿತು. ಕಾ ಅಕ್ಷರದ ಇಳಿ ಬೇರೆ ಇಳಿಗಳ ಹಾಗಿರಲಿಲ್ಲ. ಹಾಳೆಯನ್ನು ಬೆಳಕಿಗೆ ಓರೆ ಮಾಡಿದರು. ಅದು ಅಚ್ಚಾದದ್ದಲ್ಲ. ಕೂದಲಿನಷ್ಟು ಸಣ್ಣ ಮೊನೆಯ ಪೆನ್ನಿನಿಂದ, ಕಪ್ಪು ಶಾಯಿಯಲ್ಲಿ, ಯಾರೋ ಬರೆದದ್ದು. ಮುಂದಿನ ಸಾಲಿನಲ್ಲಿ ಇನ್ನೊಂದು. ಹಿಂದಿನ ವಾರದ ಹಾಳೆಯಲ್ಲಿ ಐದು, ಅದರ ಹಿಂದಿನದರಲ್ಲಿ ನಾಲ್ಕು. ಒಂದೆಡೆ 'ಮತದಾನ'ದ ಇಳಿ, ಇನ್ನೊಂದೆಡೆ ಒಬ್ಬರ ಮೊಮ್ಮಗಳ ಹೆಸರಿನ ಒತ್ತಕ್ಷರ. ಹದಿನಾಲ್ಕು ತಿಂಗಳ ಹಾಳೆಗಳಲ್ಲಿ ತಿದ್ದದ ಹಾಳೆ ಒಂದೇ ಒಂದಿತ್ತು. ಅದು ಗಡಿಯಾರದಂಗಡಿ ಮುಚ್ಚಿದ್ದ ವಾರದ್ದು.

ಶುಕ್ರವಾರ ಅವರು ಯಜಮಾನರ ಕೈಗೆ ಹಾಳೆ ಕೊಡಲಿಲ್ಲ, ತಾವೇ ಹೋದರು. ಗಡಿಯಾರದಣ್ಣ ಊರುಗೋಲು ಗೋಡೆಗೆ ಒರಗಿಸಿ ಒಂದು ಕೈಗಡಿಯಾರದ ಹೊಟ್ಟೆ ಬಗೆದಿದ್ದರು.

"ಯಾಕೆ ಹೇಳಲಿಲ್ಲ ಅಣ್ಣಾ?" ಟೀಚರ ದನಿಯಲ್ಲಿ ಸಿಟ್ಟೂ ಇತ್ತು.

ಏನೆಂದು ಅವರು ಕೇಳಲಿಲ್ಲ. ಭೂತಗನ್ನಡಿ ತೆಗೆದು ಒರೆಸಿದರು. "ಮೊದಲು ಒಂದು ಇಳಿ, ಅದಕ್ಕೇನು ಹೇಳೋದು ಅಂದ್ಕೊಂಡೆ. ಆಮೇಲೆ ಜಾಸ್ತಿ ಆಯ್ತು, ಹೇಳಿದ್ರೆ ನೀವು ಹಾಳೆ ಬಿಟ್ಟುಬಿಡ್ತೀರಿ ಅಂತ ಭಯ ಆಯ್ತು. ನಂದೂ ತಪ್ಪೇ ಟೀಚರೇ. ತಿದ್ದೋ ಬದಲು ಬೈದಿದ್ರೆ ವರ್ಷದ ಹಿಂದೇನೇ ನಿಮ್ಮ ಕಣ್ಣು ಸರಿಹೋಗ್ತಿತ್ತು. ದೇವರು ಅದಕ್ಕೇ ನನ್ನನ್ನೇ ಸಾಯಿಸಿ ಬುದ್ಧಿ ಕಲಿಸಿದ."

ಟೀಚರ್ ಹೊಸ ಹಾಳೆಯನ್ನು ಕೌಂಟರಿನ ಮೇಲಿಟ್ಟರು.

ಗಡಿಯಾರದಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ಮೇಲಿನಿಂದ ಕೆಳಗೆ ಓದಿದರು. ಬೆಂಚು, ರಕ್ತದಾನ, ಶಿಬಿರದಲ್ಲಿ ನೂರಾ ಹನ್ನೆರಡು ಜನ. ಒಂದು ಕೊಂಬಾಗಲಿ, ಒಂದು ಒತ್ತಾಗಲಿ ತಪ್ಪಿರಲಿಲ್ಲ. ಅವರ ಮುಖದಲ್ಲಿ ನೆಮ್ಮದಿಯ ಜೊತೆಗೆ ಸಣ್ಣ ನಿರಾಸೆಯೂ ಸುಳಿಯಿತು, ಕೆಲಸ ಹೋದವರಿಗೆ ಆಗುವ ಹಾಗೆ. ಆಮೇಲೆ ಕೊನೆಯ ಸಾಲಿಗೆ ಬಂದರು: 'ಗಡಿಯಾರದಣ್ಣ ಮತ್ತೆ ಅಂಗಡಿಗೆ ಬರುತ್ತಿದ್ದಾರೆ, ಸದ್ಯಕ್ಕೆ ನಿಧ ನ.'

ಧ ಮತ್ತು ನ ನಡುವೆ ಒಂದು ಅಕ್ಷರ ಕೂರುವಷ್ಟು ಜಾಗ ಬಿಟ್ಟಿತ್ತು.

"ಇಳಿ ಎಲ್ಲಿ ಟೀಚರೇ? ಮನೇಲಿ ಬಿಟ್ಟು ಬಂದ್ರಾ?"

"ಅದು ನಿಮ್ಮ ಕೆಲಸ," ಎಂದರು ಇಳಿ ಟೀಚರ್.

ಗಡಿಯಾರದಣ್ಣ ಸಣ್ಣ ಮೊನೆಯ ಪೆನ್ನು ತೆಗೆದು, ಉಸಿರು ಹಿಡಿದು, ಇಳಿ ಬರೆದರು. ಶಾಯಿ ಆರಲೆಂದು ಇಬ್ಬರೂ ಕಾದರು. ಈ ಸಲ ಆ ಗೆರೆ ಟೀಚರಿಗೂ ಕಂಡಿತು.