ಅಕ್ಕನ ಹಿತ್ತಲ ಕೊಳವೆಬಾವಿ

ಅವನನ್ನು ಊರವರೆಲ್ಲ ಪಾತಾಳಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ವರ್ಷದಿಂದ ಕೊಳವೆಬಾವಿ ಕೊರೆಯುವವನು. ಬೇರೆಯವರು ಇನ್ನೂರು ಅಡಿಗೆ ಕೈಚೆಲ್ಲಿದ ಕಡೆ ಇವನು ಆರುನೂರಕ್ಕೆ ಇಳಿದು ನೀರು ಕಾಣಿಸಿಯೇ ಲಾರಿ ತೆಗೆಯುತ್ತಿದ್ದ. ಕಂಪ್ರೆಸರ್ ಸದ್ದಿಗೆ ಎಡಗಿವಿ ಹೋಗಿತ್ತು. ಹೆಂಡತಿ ಬೈಯುವಾಗ ಬಲಗಿವಿಯೂ ಹೋಗುತ್ತದೆ ಎಂದು ಜೊತೆಯವರು ನಗುತ್ತಿದ್ದರು.

ಅಕ್ಕನ ಹಿತ್ತಲಿನ ಬಾವಿ ಅವನ ಹೆಮ್ಮೆ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಅವಳು ಬೀದಿ ತುದಿಯ ನಲ್ಲಿಗೆ ಕೊಡ ಹೊತ್ತು ಅಲೆಯುವುದನ್ನು ನೋಡಲಾರದೆ, ಹನ್ನೊಂದು ವರ್ಷದ ಹಿಂದೆ ಗ್ರಾನೈಟ್ ಬಂಡೆ ಕೊರೆದು ಐನೂರ ಎಂಬತ್ತು ಅಡಿಯಲ್ಲಿ ನೀರು ತೆಗೆದುಕೊಟ್ಟಿದ್ದ. ಕನ್ನಡಿಯಂಥ ನೀರು. ಅಕ್ಕ ಅಕ್ಕಪಕ್ಕದ ಆರು ಮನೆಗೂ ಪೈಪು ಕೊಟ್ಟಳು.

ಕಳೆದ ವರ್ಷ ಅವಳ ಪಾದಗಳು ಊದತೊಡಗಿದವು. ಕಿಡ್ನಿ ಅರ್ಧಕ್ಕರ್ಧ ಕೆಲಸ ಬಿಟ್ಟಿದೆ ಎಂದರು ಡಾಕ್ಟರು. ಸಕ್ಕರೆ ಕಾಯಿಲೆಯಿಲ್ಲ, ಬಿ.ಪಿ.ಯೂ ಇಲ್ಲ. ಅದೇ ಹೊತ್ತಿಗೆ ನೀರು ಪರೀಕ್ಷೆ ಮಾಡುವ ಹೆಂಗಸೊಬ್ಬಳು ಬೀದಿಯ ಬಾವಿಗಳಿಂದ ಬಾಟಲಿ ತುಂಬಿಕೊಂಡು ಹೋಗಿದ್ದಳು. ಮೂರು ವಾರದ ಮೇಲೆ ವರದಿ ಹಿಡಿದು ಪಾತಾಳಣ್ಣನ ಶೆಡ್ಡಿಗೇ ಬಂದಳು.

"ನಿಮ್ಮಕ್ಕನ ಹಿತ್ತಲ ಬಾವಿ ನೀವು ಕೊರೆದಿದ್ದಂತೆ. ನೀರಲ್ಲಿ ಯುರೇನಿಯಂ ಇದೆ, ಮಿತಿಗಿಂತ ಏಳು ಪಟ್ಟು."

"ಅದು ಬಾಂಬಿಗೆ ಹಾಕೋದಲ್ವೇನಮ್ಮ? ನಮ್ಮಕ್ಕನ ಹಿತ್ತಲಿಗೆ ಯಾರು ತಂದು ಹಾಕ್ತಾರೆ?" ಅವನು ನಕ್ಕ.

ಅವಳು ನಗಲಿಲ್ಲ. "ಯಾರೂ ತರಬೇಕಾಗಿಲ್ಲ. ಈ ಥರದ ಕಲ್ಲಲ್ಲಿ ಮೊದಲಿಂದಾನೂ ಚೂರು ಚೂರು ಇರುತ್ತೆ. ಆಳದ ಬಿರುಕಲ್ಲಿ ನೀರು ವರ್ಷಗಟ್ಟಲೆ ನಿಂತಿರುತ್ತಲ್ಲ, ಅದರಲ್ಲಿ ಕರಗುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದ್ರೂ ಹೋಗಲ್ಲ."

"ಕುಡಿದ್ರೆ?"

"ಏಟು ಬೀಳೋದು ಕಿಡ್ನಿಗೆ."

ಅವನು ಕಾಗದ ಮಡಿಸಿ ಜೇಬಿಗಿಟ್ಟ. ಎರಡು ದಿನ ಅಕ್ಕನ ಮನೆಯತ್ತ ಸುಳಿಯಲಿಲ್ಲ. ಆ ಎರಡು ದಿನವೂ ಅವಳು ಅದೇ ನೀರು ಕುಡಿದಳಲ್ಲ ಎನ್ನುವುದು ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತು. ಮೂರನೆಯ ದಿನ ಡಾಕ್ಟರನ್ನು ಕಂಡು, ಅಲ್ಲಿಂದ ನೇರ ಅವಳ ಅಡುಗೆಮನೆಗೆ ಹೋದ. ಅಕ್ಕ ಊದಿದ ಕಾಲು ಚಾಚಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು.

"ನಿನ್ನ ಕಿಡ್ನಿ ಕೆಡಿಸಿದ್ದು ನಾನೇ ಇರಬೇಕು ಅಕ್ಕ," ಎಂದು ಎಲ್ಲ ಹೇಳಿದ.

"ಡಾಕ್ಟ್ರು ಹಾಗಂದ್ರಾ?"

"ಇದರಿಂದಾನೇ ಅಂತ ಹೇಳಕ್ಕಾಗಲ್ಲ ಅಂದ್ರು. ಅಲ್ಲ ಅಂತಾನೂ ಹೇಳಲಿಲ್ಲ."

ಅಕ್ಕ ಕೈಲಿದ್ದ ಹುರುಳಿಕಾಯಿ ಕೆಳಗಿಟ್ಟಳು. "ಪಕ್ಕದ್ಮನೆ ಕೂಸಿಗೂ ಇದೇ ನೀರು ಕುಡಿಸಿದೀನಲ್ಲೋ," ಎಂದಳು.

ಅಂದು ಮಧ್ಯಾಹ್ನವೇ ಅವನು ಮೋಟಾರು ಮೇಲೆತ್ತಿದ. ಬೀದಿಯವರು ಬಂದು ಸುತ್ತುವರಿದರು. "ಹನ್ನೊಂದು ವರ್ಷ ಕುಡಿದಿದೀವಿ, ನಮಗೇನಾಗಿದೆ?" ಎಂದ ಎದುರುಮನೆಯ ದರ್ಜಿ. ಪಾತಾಳಣ್ಣ ಪೈಪಿನ ಬಾಯಿಗೆ ಮುಚ್ಚಳ ಬಿಗಿದ. ಆಮೇಲೆ ಆರೂ ಮನೆಯವರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು. ಕೂಸಿಗೆ ತೊಂದರೆಯಿರಲಿಲ್ಲ. ದರ್ಜಿಯ ವರದಿ ಚೆನ್ನಾಗಿರಲಿಲ್ಲ. ಅವನು ಪಾತಾಳಣ್ಣನ ಜೊತೆ ಮಾತು ಬಿಟ್ಟ.

ಅಕ್ಕನ ಕಿಡ್ನಿ ಸುಧಾರಿಸಿಲ್ಲ, ಹದಗೆಟ್ಟೂ ಇಲ್ಲ. ಪಾತಾಳಣ್ಣ ಈಗ ತಾನು ಆಳಕ್ಕೆ ಕೊರೆದ ಬಾವಿಗಳನ್ನು ನೆನಪಿಸಿಕೊಂಡು, ಒಂದೊಂದೇ ಮನೆಗೆ ಬಾಟಲಿ ಹಿಡಿದು ಹೋಗುತ್ತಾನೆ. ಕೆಲವರು ಕೂರಿಸಿ ಮಾತಾಡುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಇಪ್ಪತ್ತಮೂರು ಬಾವಿಗಳ ವರದಿ ಬಂದಿದೆ. ಒಂಬತ್ತರ ನೀರು ಕುಡಿಯುವಂತಿಲ್ಲ. ಆ ಒಂಬತ್ತು ಮನೆಗಳಿಗೂ ಅವನೇ ಹೋಗಿ ಹೇಳಿದ್ದಾನೆ. ಇನ್ನೂ ನೂರಕ್ಕೂ ಹೆಚ್ಚು ಬಾವಿಗಳಿವೆ.